ಕಿಲೋಮೀಟರ್ ೪೮೭ರ ಪ್ರಶ್ನೆ

ಪ್ರಯಾಣಿಕರ ಫೋರಂ ಒಂದರಲ್ಲಿ ಬಿಸಿನೀರ ಕೊಳಗಳ ಮಾತಿಗೆಂದೇ ಬೇರೆ ಕೋಣೆ ಬೇಕೋ ಬೇಡವೋ ಎಂಬುದು ಜಗತ್ತು ಮುಳುಗಿಹೋಗುವಂಥ ಪ್ರಶ್ನೆಯೇನಲ್ಲ. ಎಲ್ಬಿಯೊ ಬೆಂತಾಂಕೋರ್ ಕೂಡ ಹಾಗೆಯೇ ಅಂದುಕೊಂಡಿದ್ದ. ‘ಬೇಡ’ ಎಂದು ಎರಡಕ್ಷರ ಒತ್ತಿ, ಮಾಟೆ ಸೊಪ್ಪಿನ ಕಷಾಯಕ್ಕೆ ನೀರು ಕಾಯಿಸಲು ಎದ್ದು ಹೋಗಿದ್ದ. ಈಗ ಆ ಎರಡಕ್ಷರವನ್ನೂ ಅದಕ್ಕೆ ನಾಲ್ಕು ದಿನ ಮುಂಚೆ ಬರೆದ ಒಂದು ಸಾಲನ್ನೂ ವಾಪಸು ಪಡೆಯಲು ಅವನು ತನ್ನ ಮೂವತ್ತೊಂದು ವರ್ಷದ ಸರ್ವೀಸನ್ನೇ ಬೇಕಾದರೂ ಬಿಟ್ಟುಕೊಟ್ಟಾನು. ಆದರೆ ತೆಗೆದುಕೊಳ್ಳುವವರು ಯಾರು?

ಎಲ್ಬಿಯೊ ಮೊಂತೆವಿದೇಯೊದಿಂದ ಬೆಶಾ ಉನಿಯೋನ್ ತನಕ, ದೇಶದ ಈ ತುದಿಯಿಂದ ಆ ತುದಿಗೆ, ಬಸ್ಸು ಓಡಿಸಿದವನು. ನಿವೃತ್ತನಾಗಿ ಪಾಯ್ಸಾಂದುವಿನ ಮನೆಯಲ್ಲಿ ಕೂತ ಮೇಲೂ ಅವನ ಬಲಗಾಲು ಸುಮ್ಮನಿರಲಿಲ್ಲ. ಅಡುಗೆಮನೆಯ ಕುರ್ಚಿಯಲ್ಲಿ ಕೂತು ನೆಲವನ್ನು ಬ್ರೇಕಿನ ಹಾಗೆ ಒತ್ತುತ್ತಿದ್ದ. ಹೆಂಡತಿ ದೆಲ್ಮಾ ಒಂದು ತಿಂಗಳು ನೋಡಿದಳು, ಎರಡು ತಿಂಗಳು ನೋಡಿದಳು.

“ಮುದುಕಾ, ಏನಾದ್ರೂ ಕೆಲಸ ಹುಡುಕ್ಕೋ. ಇಲ್ದಿದ್ರೆ ಈ ನೆಲ ತೂತಾಗಿ ನಾವಿಬ್ರೂ ಕೆಳಗೆ ಬೀಳ್ತೀವಿ” ಎಂದಳು.

ಆಗ ಹುಟ್ಟಿದ್ದು ‘ಕಿಲೋಮೀಟರ್’ ಎಂಬ ಫೋರಂ. ಹೆಸರಿಗೆ ತಕ್ಕ ನಿಯಮವೂ ಇತ್ತು, ಇದ್ದದ್ದೇ ಆ ಒಂದು ನಿಯಮ. ಯಾವ ಹೆದ್ದಾರಿ, ಎಷ್ಟನೇ ಕಿಲೋಮೀಟರ್ ಎಂದು ಮೊದಲು ಬರೆಯದೆ ಅಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ನಮ್ಮಲ್ಲಿ ಇದು ವಿಚಿತ್ರವೇನೂ ಅಲ್ಲ. ಅತ್ತೆ ಮನೆ ಎಲ್ಲಿ ಎಂದರೂ ಐದನೇ ರಸ್ತೆ, ನೂರಾ ಹನ್ನೆರಡನೇ ಕಿಲೋಮೀಟರ್ ಎನ್ನುವ ಜನ ನಾವು. ಹಾಗಾಗಿ ಫೋರಂನಲ್ಲಿ ಒಂದೊಂದು ಕಿಲೋಮೀಟರ್ ಕಲ್ಲೂ ಒಂದೊಂದು ಕಟ್ಟೆಯಾಯಿತು. ಅಲ್ಲಿ ಹೊಂಡ ಬಿದ್ದಿದೆ, ಇಲ್ಲಿ ಪೊಲೀಸರು ನಿಂತಿದ್ದಾರೆ, ಈ ಹೋಟೆಲಿನ ಚಿವೀತೊ ಸ್ಯಾಂಡ್ವಿಚ್ಚಿನಲ್ಲಿ ಮಾಂಸಕ್ಕಿಂತ ಎಲೆಕೋಸೇ ಜಾಸ್ತಿ ಎಂದು ಲಾರಿಯವರು, ಬೈಕಿನವರು, ಟೆಂಟು ಹೊತ್ತು ತಿರುಗುವ ದಂಪತಿಗಳು ಬರೆದದ್ದೇ ಬರೆದದ್ದು. ನಾಲ್ಕು ವರ್ಷದಲ್ಲಿ ಮೂರು ಸಾವಿರ ಜನ ಸೇರಿದರು. ಎಲ್ಬಿಯೊನನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಡ್ರೈವರ್’ ಎಂದು. ಮುಂಜಾನೆ ಐದಕ್ಕೇ ಎದ್ದು, ತ್ರೇಯಿಂತ ಇ ತ್ರೆಸ್ ಊರಿನ ಹತ್ತಿರ ಟೈರು ಒಡೆದು ನಿಂತ ಗುರುತಿಲ್ಲದವನಿಗೆ ಯಾವ ಮೆಕ್ಯಾನಿಕ್ಕಿನ ಬಾಗಿಲು ಬಡಿಯಬೇಕೆಂದು ಎರಡು ಪುಟ ಬರೆಯುವ ತಾಳ್ಮೆ ಅವನಿಗಿತ್ತು. ಸುಳ್ಳೇಕೆ ಹೇಳಬೇಕು, ಒಳ್ಳೆಯ ಡ್ರೈವರ್ ಅವನು.

ತಲೆನೋವಾಗಿದ್ದು ಸಾಲ್ತೊದ ನಿಬಿಯಾ ಫಲೇರೊ. ಮೂವತ್ತು ವರ್ಷ ಎರಡನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತಳಾದವಳು, ಬೆರಳ ಗಂಟುಗಳಲ್ಲಿ ವಾತ. ಮೂರನೇ ಹೆದ್ದಾರಿಯುದ್ದಕ್ಕೂ ಇರುವ ಬಿಸಿನೀರ ಕೊಳಗಳಿಗೆಲ್ಲ ಥರ್ಮಾಮೀಟರ್ ಹಿಡಿದು ಹೋಗಿ ಬರುತ್ತಿದ್ದಳು. ಯಾವ ಕೊಳದ ಮೆಟ್ಟಿಲಿಗೆ ಕಂಬಿ ಇದೆ, ಎಲ್ಲಿ ಪಾಚಿ ಜಾರುತ್ತದೆ, ಎಷ್ಟು ಹೊತ್ತಿಗೆ ಹೋದರೆ ಮಕ್ಕಳ ಗಲಾಟೆ ಇರುವುದಿಲ್ಲ, ಎಲ್ಲ ಮುತ್ತಿನಂಥ ಅಕ್ಷರಗಳಲ್ಲಿ ಬರೆದು ಆ ಹಾಳೆಯ ಫೋಟೋ ಹಾಕುತ್ತಿದ್ದಳು. ಮಂಡಿನೋವಿನವರು, ಸೊಂಟ ಹಿಡಿದವರು ಅವಳ ಹಿಂದೆ ಬಂದರು. ಆದರೆ ನಿಯಮ ನಿಯಮವೇ. ಸಾಲ್ತೊ ಪಕ್ಕದ ದಾಯ್ಮಾನ್‌ನ ಮಾತು ೪೮೭ಕ್ಕೆ, ಗ್ವಾವಿಯುವಿನದು ೪೩೨ಕ್ಕೆ, ಅರಾಪೇಯ್‌ನದು ಇನ್ನೂ ಮೇಲಕ್ಕೆ. ಒಬ್ಬಳೇ ಹೆಂಗಸಿನ ಒಂದೇ ಮಂಡಿನೋವು ಮೂರು ಕಡೆ ಹರಿದು ಹಂಚಿಹೋಗುತ್ತಿತ್ತು. ಅದರ ಜೊತೆಗೆ ೪೮೭ನೇ ಕಿಲೋಮೀಟರಿನಲ್ಲಿ ಕೊಳದ ಎದುರಿಗೇ ಒಂದು ಪಂಕ್ಚರ್ ಅಂಗಡಿ, ಒಂದು ಮಾಂಸ ಸುಡುವ ಹೋಟೆಲು ಇದ್ದವು. ಹೀಗಾಗಿ ಬೆನ್ನುನೋವಿನ ಪ್ರಶ್ನೆಯ ಕೆಳಗೆ ಪಕ್ಕೆಲುಬಿನ ಮಾಂಸ ಬೆಂದಿದೆಯೋ ಇಲ್ಲವೋ ಎಂಬ ಚರ್ಚೆ.

“ಡ್ರೈವರ್, ನೀರಿನೋರ್ಗೆ ಒಂದು ಬೇರೆ ಕೋಣೆ ಕೊಟ್ಬಿಡಿ” ಎಂದು ನಿಬಿಯಾ ಎರಡು ವರ್ಷದಿಂದ ಕೇಳುತ್ತಲೇ ಇದ್ದಳು.

“ಟೀಚರ್, ನೀರಲ್ಲಿ ಕೂತ್ಕೊಳೋದು ಪ್ರಯಾಣ ಅಲ್ಲ. ಇಲ್ಲಿ ಚಲಿಸೋರಿಗೆ ಮಾತ್ರ ಜಾಗ” ಎಂದು ಅವನೂ ಎರಡು ವರ್ಷದಿಂದ ಹೇಳುತ್ತಲೇ ಇದ್ದ.

ಇನ್ನು ದೆಲ್ಮಾಳ ವಿಷಯ. ಆರು ವರ್ಷದ ಹಿಂದೆ ಮೊಂತೆವಿದೇಯೊದ ಆಸ್ಪತ್ರೆಯಲ್ಲಿ ಅವಳ ಎಡ ಮೊಲೆಯನ್ನು ತೆಗೆದರು. ಎಲ್ಬಿಯೊ ರಜೆ ಹಾಕಿ ಹತ್ತು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದ, ವಾಪಸು ಬರುವಾಗ ಕಾರನ್ನು ಮೊಟ್ಟೆಯ ಬುಟ್ಟಿ ಇಟ್ಟುಕೊಂಡವನ ಹಾಗೆ ನಿಧಾನವಾಗಿ ಓಡಿಸಿದ್ದ. ಅಲ್ಲಿಗೆ ಮುಗಿಯಿತು. ಆಮೇಲೆ ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವಳು ಬಟ್ಟೆ ಬದಲಿಸುವಾಗ ಬಚ್ಚಲಿನ ಚಿಲಕ ಹಾಕಿಕೊಳ್ಳತೊಡಗಿದಳು, ಜನವರಿಯ ನಡುಬೇಸಿಗೆಯ ಸೆಕೆಯಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಅವನು ನೋಡದ ಹಾಗೆ ಇದ್ದ. ನೋಡದಿರುವುದೇ ಅವಳಿಗೆ ತಾನು ಕೊಡುವ ಮರ್ಯಾದೆ ಎಂದು ಅವನು ನಂಬಿದ್ದ, ಪಾಪ, ನಿಜವಾಗಿಯೂ ನಂಬಿದ್ದ.

ಒಮ್ಮೆ ಮಾತ್ರ, ಎರಡು ವರ್ಷದ ಹಿಂದೆ, ಬಟ್ಟೆ ಒಣಹಾಕುತ್ತಾ ಅವಳು ಕೇಳಿದ್ದಳು.

“ದಾಯ್ಮಾನ್‌ಗೆ ಹೋಗಿ ಬರೋಣ್ವಾ ಎಲ್ಬಿಯೊ? ಆ ನೀರು ಒಳ್ಳೇದಂತೆ. ಈ ತೋಳು ಮೇಲೆತ್ತಕ್ಕೇ ಆಗ್ತಿಲ್ಲ.”

“ಬಿಸಿನೀರಲ್ಲಿ ಕೂರಕ್ಕೆ ನೂರಿಪ್ಪತ್ತು ಕಿಲೋಮೀಟರಾ? ಬಿಡೇ, ಮನೇಲೇ ಕಾಯಿಸಿಕೊಡ್ತೀನಿ.”

ದೆಲ್ಮಾ ನಕ್ಕಳು. ಮತ್ತೆ ಕೇಳಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ೪೮೭ನೇ ಕಿಲೋಮೀಟರಿನಲ್ಲಿ ಒಂದು ಹೊಸ ಹೆಸರು ಕಾಣಿಸಿಕೊಂಡಿತು. ‘ಕಿಟಕಿ ಪಕ್ಕದ ಸೀಟು’ ಎಂದು ಆ ಸದಸ್ಯೆಯ ಹೆಸರು. ಬರೆದದ್ದು ಇಷ್ಟೇ:

“ಮೂರನೇ ರಸ್ತೆ, ಕಿ.ಮೀ. ೪೮೭. ಗೊತ್ತಿರುವವರು ದಯವಿಟ್ಟು ಹೇಳಿ. ನನಗೆ ಎದೆಯ ಆಪರೇಷನ್ ಆಗಿದೆ, ಒಂದು ಕಡೆ ಇಲ್ಲ. ಅಲ್ಲಿ ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುವ ಜಾಗ ಇದೆಯೇ? ನೀರಿಗೆ ಇಳಿಯುವಾಗ ಜನ ನೋಡುತ್ತಾರೆಯೇ? ನೋಡಿದರೆ ಏನು ಮಾಡಬೇಕು?”

ಇದು ಯಾರೆಂದು ಓದುವ ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿದೆ. ಎಲ್ಬಿಯೊಗೆ ಗೊತ್ತಾಗಲಿಲ್ಲ. ಅವಳು ಪಕ್ಕದ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಗೆಂದು ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದಳು, ಇವನು ಅಡುಗೆಮನೆಯಲ್ಲಿ ಕೂತಿದ್ದ, ನಡುವೆ ಒಂದು ಗೋಡೆ.

ಮೊದಲು ಉತ್ತರ ಬರೆದವನು ವಿಲ್ಮಾರ್. ದುರಾಸ್ನೊದ ಲಾರಿಯವನು, ಫೋರಂ ಹುಟ್ಟಿದ ದಿನದಿಂದ ಇದ್ದವನು, ನಗಿಸದೆ ಒಂದು ಸಾಲು ಬರೆದರೆ ಅನ್ನ ಅರಗದು ಅವನಿಗೆ.

“ಪಂಕ್ಚರ್ ಅಂಗಡಿ ಹಿಂದೆ ಬದಲಿಸ್ಕೊಳ್ಳಿ ಮೇಡಂ. ಅಲ್ಲಿ ಸ್ಟೆಪ್ನಿನೂ ಸಿಗುತ್ತೆ.”

ನಗುವ ಮುಖಗಳು ಸಾಲುಗಟ್ಟಿದವು. ಎಲ್ಬಿಯೊಗೆ ಇರಿಸುಮುರಿಸಾಯಿತು. ಡ್ರೈವರ್ ಆದವನು ಬಸ್ಸಿನೊಳಗೆ ಗಲಾಟೆ ಎದ್ದರೆ ಒಂದು ತಮಾಷೆ ಮಾಡಿ ಎಲ್ಲರನ್ನೂ ಸೀಟಿಗೆ ಕೂರಿಸಬೇಕು, ಮೂವತ್ತೊಂದು ವರ್ಷ ಅವನು ಮಾಡಿಕೊಂಡು ಬಂದದ್ದೇ ಅದು. ಈಗಲೂ ಅದನ್ನೇ ಮಾಡಿದ.

“ವಿಲ್ಮಾರ್, ಬಾಯಿಗೆ ಬ್ರೇಕ್ ಹಾಕು. ಮೇಡಂ, ನೀವು ತಲೆ ಕೆಡಿಸ್ಕೋಬೇಡಿ. ಒಂದು ಹೆಡ್‌ಲೈಟ್ ಹೋದ ಬಸ್ಸನ್ನ ನಾನು ಬೆಶಾ ಉನಿಯೋನ್ ತನಕ ಓಡಿಸಿದೀನಿ. ದಾರೀಲಿ ಒಂದು ಹಸೂನೂ ತಿರುಗಿ ನೋಡಲಿಲ್ಲ.”

ಧೈರ್ಯ ಹೇಳಿದೆ ಅಂದುಕೊಂಡ. ತೊಂಬತ್ನಾಲ್ಕು ಜನ ನಕ್ಕರು, ಆ ಫೋರಂನಲ್ಲಿ ಅಷ್ಟು ನಗು ಯಾವ ಮಾತಿಗೂ ಬಿದ್ದಿರಲಿಲ್ಲ. ಫೋನು ಕುಣಿಯುತ್ತಾ ಕುಣಿಯುತ್ತಾ ಮೇಜಿನ ಅಂಚಿಗೆ ಬಂತು. ಅವನೂ ನಕ್ಕ. ಆಗ ದೆಲ್ಮಾ ಬಾಗಿಲಿಗೆ ಬಂದು ನಿಂತಳು.

“ಯಾಕೆ ನಗ್ತಿದೀಯಾ?”

“ಏನಿಲ್ಲ. ಫೋರಂದು.”

ಹಾಗೆಂದು ಫೋನನ್ನು ಮಗುಚಿ ಇಟ್ಟ. ಈ ಮಗುಚಿ ಇಟ್ಟದ್ದಿದೆಯಲ್ಲ, ಇದನ್ನೇ ಅವನು ಈಗ ಮತ್ತೆ ಮತ್ತೆ ನೆನೆಸಿಕೊಳ್ಳುವುದು. ಯಾಕೆಂದರೆ ಆ ಕ್ಷಣದಲ್ಲಿ ಅವನಿಗೆ ಹೆಂಡತಿಯ ಸ್ವೆಟರಿನ ಎಡಭಾಗ ಕಣ್ಣಿಗೆ ಬಿದ್ದಿತ್ತು, ಇವಳು ಇದನ್ನು ಓದಬಾರದು ಎಂದು ಅನಿಸಿತ್ತು. ಓದಬಾರದೆಂದು ಗೊತ್ತಿದ್ದವನಿಗೆ ಬರೆಯಬಾರದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ‘ಕಿಟಕಿ ಪಕ್ಕದ ಸೀಟು’ ಇನ್ನೊಂದೇ ಸಾಲು ಬರೆದಳು: “ಸರಿ. ಉತ್ತರ ಸಿಕ್ಕಿತು.”

ಮರುದಿನ ಬೆಳಿಗ್ಗೆ ನಿಬಿಯಾ ಫೋನ್ ಮಾಡಿದಳು. ಟೀಚರ್ ಕೋಪದಲ್ಲಿದ್ದಾಗ ದನಿ ಏರಿಸುವುದಿಲ್ಲ, ಇಳಿಸುತ್ತಾಳೆ, ‘ಡ್ರೈವರ್’ ಬಿಟ್ಟು ಮರ್ಯಾದೆಯ ‘ದೋನ್’ ಹಚ್ಚುತ್ತಾಳೆ.

“ದೋನ್ ಎಲ್ಬಿಯೊ, ಎರಡನೇ ಕ್ಲಾಸಲ್ಲಿ ಯಾವ್ದಾದ್ರೂ ಮಗು ಚಡ್ಡಿ ಒದ್ದೆ ಮಾಡ್ಕೊಂಡ್ರೆ ನಾನು ಏನ್ಮಾಡ್ತಿದ್ದೆ ಗೊತ್ತಾ? ಎಲ್ಲರ ಮುಂದೆ ಕೇಳ್ತಿರ್ಲಿಲ್ಲ. ಕೈ ಹಿಡ್ಕೊಂಡು ಹೊರಗೆ ಕರ್ಕೊಂಡು ಹೋಗಿ ಕೇಳ್ತಿದ್ದೆ. ಆ ಹೊರಗಿನ ಜಾಗ ಕೊಡಿ ಅಂತಲೇ ನಾನು ಎರಡು ವರ್ಷದಿಂದ ಬಡ್ಕೊಳ್ತಿರೋದು.”

“ತಮಾಷೆಗೆ ಅಂದಿದ್ದು ಟೀಚರ್. ಆಯಮ್ಮನಿಗೆ ಧೈರ್ಯ ಬರ್ಲಿ ಅಂತ.”

“ಬಂತಾ?”

“ನೋಡಿ, ಒಬ್ಬೊಬ್ರಿಗೊಂದು ಕೋಣೆ ಕೊಡ್ತಾ ಹೋದ್ರೆ ನಾಳೆ ಮೀನು ಹಿಡಿಯೋರು ಕೇಳ್ತಾರೆ, ನಾಡಿದ್ದು ನಾಯಿ ಸಾಕೋರು. ಬಸ್ಸಿಗೆ ಒಂದೇ ಬಾಗಿಲು.”

“ನಿಮ್ಮ ಬಸ್ಸಲ್ಲಿ ಟಾಯ್ಲೆಟ್ಟಿಗೆ ಬಾಗಿಲಿರ್ಲಿಲ್ವಾ?”

ಎಲ್ಬಿಯೊಗೆ ಮಾತಲ್ಲಿ ಸೋತ ಗಂಡಸರಿಗೆ ಬರುವ ಸಿಟ್ಟು ಬಂತು. ಸರಿ, ಓಟಿಗೆ ಹಾಕೋಣ ಎಂದ. ಮೂರು ದಿನ ಓಟು. ವಿಲ್ಮಾರ್ ಲಾರಿಯವರನ್ನೆಲ್ಲ ಎಬ್ಬಿಸಿ ತಂದ. ಕೋಣೆ ಬಂದರೆ ಅದಕ್ಕೆ ಸೋಪು, ಟವೆಲ್ಲು ಡ್ರೈವರ್ರೇ ಸಪ್ಲೈ ಮಾಡಬೇಕೆಂದು ಬರೆದ. ನಿಬಿಯಾ ಕಡೆಯವರು ಒಬ್ಬೊಬ್ಬರಾಗಿ, ಹೆಚ್ಚು ಮಾತಾಡದೆ, ಬೇಕು ಎಂದು ಒತ್ತಿ ಹೋದರು.

ಎರಡನೇ ದಿನ ಊಟಕ್ಕೆ ಕೂತಾಗ ದೆಲ್ಮಾ ಕೇಳಿದಳು.

“ಆ ಕೋಣೆ ಕೊಟ್ರೆ ನಿಂದೇನು ಹೋಗುತ್ತೆ?”

“ನಿನಗೆ ಹೇಗೆ ಗೊತ್ತು ಇದು?”

“ಫೋನಲ್ಲಿ ಇಡೀ ಬೀದಿಗೆ ಕೇಳೋ ಹಾಗೆ ಕಿರಿಚ್ತೀಯ. ಎದುರುಮನೆ ನಾಯಿಗೂ ಗೊತ್ತು.”

“ಇದು ತತ್ತ್ವದ ಪ್ರಶ್ನೆ ಕಣೇ.”

“ಓ” ಎಂದಳು ದೆಲ್ಮಾ. ಅವನ ತಟ್ಟೆಗೆ ಇನ್ನೊಂದು ಸೌಟು ಬೇಳೆಸಾರು ಹಾಕಿದಳು.

ಮೂರನೇ ದಿನ ಸಂಜೆ ಎಣಿಸಿದರೆ ಎಂಬತ್ತೆಂಟಕ್ಕೆ ಎಂಬತ್ತೆಂಟು. ಸಮ ಬಿದ್ದರೆ ಡ್ರೈವರ್ ಹೇಳಿದ್ದೇ ಕೊನೆ ಎಂದು ಮೊದಲ ದಿನದಿಂದಲೂ ರೂಢಿ. ಅವನು ಬೇಡ ಎಂದು ಒತ್ತಿದ.

ನಿಬಿಯಾ ಜಗಳವಾಡಲಿಲ್ಲ. ‘ಇಷ್ಟು ದಿನ ಕರೆದುಕೊಂಡು ಬಂದಿದ್ದಕ್ಕೆ ಋಣಿ, ನಾನು ಇಲ್ಲಿ ಇಳಿದುಕೊಳ್ಳುತ್ತೇನೆ’ ಎಂದು ಬರೆದು ತನ್ನ ಹಾಳೆಗಳ ಫೋಟೋಗಳನ್ನೆಲ್ಲ ತೆಗೆದುಹಾಕಿ ಹೊರಟಳು. ಆ ವಾರದಲ್ಲಿ ಮೂವತ್ತು ನಲವತ್ತು ಜನ ಅವಳ ಹಿಂದೆ ಹೋದರು. ‘ಕಿಟಕಿ ಪಕ್ಕದ ಸೀಟು’ ಕೂಡ ಖಾಲಿಯಾಯಿತು. ೪೮೭ರಲ್ಲಿ ಉಳಿದದ್ದು ಪಂಕ್ಚರ್ ಮತ್ತು ಪಕ್ಕೆಲುಬು. ಕಟ್ಟೆ ಚೊಕ್ಕಟವಾಯಿತು ಎಂದು ವಿಲ್ಮಾರ್ ಅಭಿನಂದಿಸಿದ, ಎಲ್ಬಿಯೊಗೂ ಗೆದ್ದೆ ಅನಿಸಿತು. ಆ ಗೆಲುವಿನ ಖುಷಿ ಎಷ್ಟು ದಿನವಿತ್ತು ಎಂದು ಈಗ ಅವನಿಗೆ ನೆನಪೂ ಇಲ್ಲ.

ಮೇ ತಿಂಗಳಿಂದ ದೆಲ್ಮಾ ತಿಂಗಳಿಗೆ ಎರಡು ಮಂಗಳವಾರ ಸಾಲ್ತೊಗೆ ಹೋಗತೊಡಗಿದಳು. ಅಲ್ಲಿ ಅವಳ ಚಿಕ್ಕಮ್ಮನ ಮಗಳಿದ್ದಳು, ಇವನು ಅದನ್ನೇ ಅಂದುಕೊಂಡ, ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬೆಳಿಗ್ಗೆ ಆರರ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಿದ್ದಳು. ಬಂದ ದಿನ ಮುಖ ಕೆಂಪಗಿರುತ್ತಿತ್ತು, ಊಟ ಚೆನ್ನಾಗಿ ಸೇರುತ್ತಿತ್ತು. ಜುಲೈನಲ್ಲಿ ಒಂದು ದಿನ ಅವಳು ಮೇಲಿನ ಕಪಾಟಿನಿಂದ ಎಡಗೈಯಲ್ಲೇ ಹಿಟ್ಟಿನ ಡಬ್ಬಿ ಇಳಿಸಿದ್ದನ್ನು ಅವನು ನೋಡಿದ. ಆ ತೋಳು ಮೇಲೇಳುತ್ತದೆಂದು ಅವನಿಗೆ ಸಂತೋಷವಾಯಿತು. ಯಾಕೆ ಏಳುತ್ತದೆಂದು ಕೇಳಬೇಕೆನಿಸಲಿಲ್ಲ. ಕೇಳದಿರುವುದರಲ್ಲಿ ಅವನಿಗೆ ಆರು ವರ್ಷದ ಅಭ್ಯಾಸವಿತ್ತು.

ಆಗಸ್ಟಿನ ಒಂದು ಶನಿವಾರ ದೆಲ್ಮಾ ಬೇಕರಿಗೆ ಹೋಗಿದ್ದಳು. ಅವಳ ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಟಿಣ್ ಎಂದಿತು, ಅವನ ಕಣ್ಣು ತಾನಾಗಿ ಅತ್ತ ಹೋಯಿತು. ಕಳಿಸಿದವಳು ನಿಬಿಯಾ ಫಲೇರೊ.

“ಕಿಟಕೀ, ಮಂಗಳವಾರ ಎಂಟಕ್ಕೆ ಗೇಟಿನ ಹತ್ರ. ಈ ಸಲ ಹೊಸಬಳೊಬ್ಬಳು ಬರ್ತಾಳೆ, ನಿನ್ನ ಥರದವಳೇ, ತುಂಬಾ ಹೆದರಿದಾಳೆ. ಮೊದಲ ದಿನ ನಿನ್ನ ಜೊತೆ ನಾನು ಇಳಿದ ಹಾಗೆ ಅವಳ ಜೊತೆ ನೀನು ಇಳೀಬೇಕು.”

ಎಲ್ಬಿಯೊ ಕುರ್ಚಿಯ ಮೇಲೆ ಕೂತ. ಎದ್ದ. ಮತ್ತೆ ಕೂತ. ತನ್ನ ಫೋನು ತೆಗೆದು ೪೮೭ಕ್ಕೆ ಹೋಗಿ, ಮಾರ್ಚ್ ತಿಂಗಳಿನ ಆ ಮಧ್ಯಾಹ್ನದ ತನಕ ಹಿಂದಕ್ಕೆ ತಳ್ಳಿ, ಹೆಂಡತಿಯ ಮೂರು ಪ್ರಶ್ನೆಗಳನ್ನು ಮತ್ತೊಮ್ಮೆ ಓದಿದ. ಕೆಳಗೆ ತನ್ನ ಹೆಸರು, ತನ್ನ ಬಸ್ಸು, ತೊಂಬತ್ನಾಲ್ಕು ನಗುವ ಮುಖಗಳು. ಇಷ್ಟು ನಾಚಿಕೆಯನ್ನು ಅವನು ಜೀವನದಲ್ಲಿ ಪಟ್ಟಿರಲಿಲ್ಲ.

ದೆಲ್ಮಾ ರೊಟ್ಟಿ ತಂದಳು. ಹೇಳಿಬಿಡಬಹುದಿತ್ತು, ಅಲ್ಲೇ, ಆಗಲೇ. ಆದರೆ ಅವನು ಹೋಗಿ ಫೋರಂ ತೆರೆದ. ಕೆಟ್ಟದ್ದೇನಿದ್ದರೂ ರಿಪೇರಿ ಮಾಡಿದರಾಯಿತು ಎಂದು ತಿಳಿದ ಮನುಷ್ಯ, ಮೊದಲು ಸ್ಪ್ಯಾನರಿಗೇ ಕೈ ಹಾಕಿದ.

ಆ ಸಾಲನ್ನು ಅಳಿಸಿದ. ಅಳಿಸಿದ ಜಾಗದಲ್ಲಿ ‘ಡ್ರೈವರ್ ತನ್ನ ಮಾತನ್ನು ಅಳಿಸಿದ್ದಾನೆ’ ಎಂಬ ಗುರುತು ಕೂತಿತು, ಹೆಂಡತಿಯ ಪ್ರಶ್ನೆಯ ಕೆಳಗೇ. ಆಮೇಲೆ ನಿಯಮ ಮುರಿದು, ಹೆದ್ದಾರಿಯಿಲ್ಲದ, ಕಿಲೋಮೀಟರಿಲ್ಲದ ಮೊದಲ ಕೋಣೆ ಕಟ್ಟಿದ. ‘ಬಿಸಿನೀರು’ ಎಂದು ಹೆಸರಿಟ್ಟ. ಒಳಗೆ ಬರುವವರು ಯಾರು, ಹೊರಗೆ ಉಳಿಯುವವರು ಯಾರು ಎಂದು ನಿರ್ಧರಿಸುವ ಹಕ್ಕನ್ನೆಲ್ಲ ನಿಬಿಯಾ ಹೆಸರಿಗೆ ಬರೆದ. ಭಾನುವಾರ ಇಡೀ ಇದೇ ಕೆಲಸ. ವಿಲ್ಮಾರ್ ಫೋನ್ ಮಾಡಿದ.

“ಏನ್ ಗುರೂ ಇದು? ಓಟಲ್ಲಿ ಸೋತೋರ್ಗೆ ಬಂಗ್ಲೆ ಕಟ್ಟಿಸ್ತಿದೀಯಾ? ಆ ಹೆಡ್‌ಲೈಟ್ ಜೋಕು ಬೇರೆ ಅಳಿಸ್ಬಿಟ್ಟಿದೀಯ. ಅದು ನಮ್ಮ ಫೋರಂನ ಚಿನ್ನ ಕಣೋ!”

“ವಿಲ್ಮಾರ್, ಆಯಮ್ಮ ಕೇಳಿದ್ದು ಒಂದು ಬಾಗಿಲಿದೆಯಾ ಅಂತ. ಇದೆ ಅಥವಾ ಇಲ್ಲ ಅಂತ ನಮ್ಮಲ್ಲಿ ಒಬ್ಬನೂ ಹೇಳಲಿಲ್ಲ.”

“ಯಾವ ಆಯಮ್ಮ?”

ಎಲ್ಬಿಯೊ ಫೋನ್ ಇಟ್ಟ.

ನಿಬಿಯಾಗೆ ಉದ್ದದ ಪತ್ರ ಬರೆದ, ಕ್ಷಮೆ ಕೇಳಿ, ಕೋಣೆ ಸಿದ್ಧವಿದೆ, ನಿಮ್ಮವರನ್ನೆಲ್ಲ ಕರೆದುಕೊಂಡು ಬನ್ನಿ ಎಂದು. ಸೋಮವಾರ ಮಧ್ಯಾಹ್ನ ಉತ್ತರ ಬಂತು, ಅದೇ ದುಂಡನೆಯ ಅಕ್ಷರದ ಹಾಳೆಯ ಫೋಟೋ.

“ದೋನ್ ಎಲ್ಬಿಯೊ, ನೀವು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ, ನನಗೆ ಸಂಶಯವಿಲ್ಲ. ಆದರೆ ನಮಗೆ ಈಗ ಜಾಗ ಸಿಕ್ಕಿದೆ. ಹನ್ನೆರಡು ಜನ ಇದ್ದೇವೆ, ಫೋನಲ್ಲಿ ಮಾತಾಡಿಕೊಳ್ಳುತ್ತೇವೆ, ಉಳಿದದ್ದನ್ನು ನೀರಿನಲ್ಲಿ. ಆ ಕೋಣೆ ಬೇಕಿದ್ದಾಗ ಬೇಕಿತ್ತು. ಈಗ ಬಂದರೆ ಮತ್ತೆ ಲಾರಿಗಳ ನಡುವೆ ದಾರಿ ದಾಟಿ ಬರಬೇಕು, ನಮ್ಮವರಿಗೆ ಮನಸ್ಸಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.”

ಸಾಲುಗಳ ನಡುವೆ ಹುಡುಕಿದ. ದೆಲ್ಮಾಳ ಹೆಸರಿರಲಿಲ್ಲ. ಕಿಟಕಿ ಡ್ರೈವರನ ಹೆಂಡತಿಯೆಂದು ಟೀಚರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆಯಲಿಲ್ಲವೋ, ಇವತ್ತಿಗೂ ಅವನಿಗೆ ತಿಳಿಯದು. ‘ಬಿಸಿನೀರು’ ಕೋಣೆಯಲ್ಲಿ ಅವನದೇ ಒಂದು ಸ್ವಾಗತದ ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಐದಕ್ಕೆ ದೆಲ್ಮಾ ಏಳುವ ಮುಂಚೆಯೇ ಅವನು ಎದ್ದು ಮಾಟೆ ಮಾಡಿ ಥರ್ಮಸ್ ತುಂಬಿಸಿಟ್ಟಿದ್ದ. ಹೊರಗೆ ಆಗಸ್ಟಿನ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಕಾರಿನ ಗಾಜು ಬೆಳ್ಳಗಾಗಿತ್ತು. ಅವಳು ಸ್ನಾನದ ಬಟ್ಟೆ, ಟವೆಲ್ಲು ಚೀಲಕ್ಕೆ ತುಂಬಿಕೊಂಡು ಅಡುಗೆಮನೆಗೆ ಬಂದಳು. ಅವನು ಮೊದಲ ಗುಟುಕು ತಾನು ಕುಡಿದು, ಮತ್ತೆ ನೀರು ಹಾಕಿ ಮಾಟೆಯ ಸೋರೆಬುರುಡೆಯನ್ನು ಅವಳಿಗೆ ಕೊಟ್ಟ.

“ಕಾರಲ್ಲಿ ಬಿಡ್ಲಾ? ದಾಯ್ಮಾನ್ ತನಕ.”

ಅವಳು ಹೀರುವ ಕೊಳವೆಯಿಂದ ಬಾಯಿ ತೆಗೆದಳು.

“ಗೊತ್ತಾಯ್ತಾ?”

“ಶನಿವಾರ. ನಿನ್ನ ಫೋನು ಚಾರ್ಜಿಗಿತ್ತು.”

“ಹ್ಞೂಂ.” ಬುರುಡೆಯಲ್ಲಿ ಸೊರ್ ಎಂದು ಸದ್ದಾಗುವ ತನಕ ಕುಡಿದು ವಾಪಸು ಕೊಟ್ಟಳು. “ಮೂರು ದಿನ ಹೇಗೆ ಇಟ್ಕೊಂಡಿದ್ದೆ ಹೊಟ್ಟೇಲಿ?”

“ದೆಲ್ಮಾ, ಅದು ನೀನು ಅಂತ ಗೊತ್ತಿದ್ರೆ ನಾನು ಹಾಗೆ ಬರೀತಿದ್ನಾ?”

“ಇಲ್ಲ. ನನಗೆ ಬರೀತಿರ್ಲಿಲ್ಲ. ಬೇರೆ ಯಾರೋ ಆಗಿದ್ರೆ ಬರೀಬಹುದಿತ್ತಾ?”

ಅವನು ಬುರುಡೆಗೆ ನೀರು ಹಾಕಿದ. ನೀರು ಅಂಚು ಮೀರಿ ಮೇಜಿನ ಮೇಲೆ ಚೆಲ್ಲಿತು. ಅವಳು ಬಟ್ಟೆ ತಂದು ಒರೆಸಿದಳು.

“ನನ್ನನ್ನೇ ಕೇಳ್ಬಹುದಿತ್ತಲ್ವಾ?”

“ನಿನ್ನನ್ನೇ ಕೇಳಿದ್ದು ಕಣೋ” ಎಂದಳು ದೆಲ್ಮಾ. ಕೋಪವೇನೂ ಇರಲಿಲ್ಲ ದನಿಯಲ್ಲಿ, ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಮನೇಲಿ ಕೇಳಿದ್ರೆ ನೀನು ಉತ್ತರ ಕೊಡಲ್ಲ. ಅಲ್ಲಿ ಯಾರು ಏನು ಕೇಳಿದ್ರೂ ಕೊಡ್ತೀಯ. ಯಾವನೋ ಟೈರು ಅಂದ್ರೆ ಕತ್ತಲಲ್ಲಿ ಎದ್ದು ಕೂತು ಬರೀತೀಯ, ಫೋನ್ ಮಾಡಿ ವಿಚಾರಿಸ್ತೀಯ, ದಿನಾ ನೋಡ್ತೀನಲ್ಲ. ನಾನೂ ಗುರುತಿಲ್ಲದೋಳಾಗಿ ಕೇಳಿದ್ರೆ, ನೀನು ಒಂದು ಸಲ ದಾಯ್ಮಾನ್‌ಗೆ ಹೋಗಿ, ಬಾಗಿಲು ನೋಡಿ, ಚಿಲಕ ಸರಿ ಇದೆಯಾ ನೋಡಿ ಬಂದು ಬರೀತೀಯ ಅಂದ್ಕೊಂಡಿದ್ದೆ. ಆಮೇಲೆ ‘ಹಾಗಾದ್ರೆ ಹೋಗೋಣ’ ಅಂತ ನಾನೇ ಹೇಳೋದು ಅಂತಿದ್ದೆ.”

ಎಲ್ಬಿಯೊ ಹೋಗುತ್ತಿದ್ದ, ಖಂಡಿತ ಹೋಗುತ್ತಿದ್ದ. ಆ ಪ್ರಶ್ನೆಯ ಕೆಳಗೆ ವಿಲ್ಮಾರ್ ಇರದಿದ್ದರೆ, ಪಂಕ್ಚರ್ ಅಂಗಡಿ ಇರದಿದ್ದರೆ, ನೋಡುತ್ತಾ ನಿಂತ ಅಷ್ಟು ಜನ ಗಂಡಸರು ಇರದಿದ್ದರೆ. ಆ ಕೋಣೆ ಅವಳಿಗಿಂತ ಹೆಚ್ಚಾಗಿ ತನಗೇ ಬೇಕಿತ್ತು ಎಂಬುದು ಅವನಿಗೆ ಆಗ ಹೊಳೆದದ್ದು. ಇದನ್ನು ಹೇಳಿದರೆ ನೆಪ ಹೇಳಿದಂತಾಗುತ್ತದೆ ಎಂದುಕೊಂಡ.

“ಇದೆಯಾ?” ಎಂದು ಕೇಳಿದ.

“ಏನು?”

“ಬಾಗಿಲು. ಬಟ್ಟೆ ಬದಲಿಸೋ ಜಾಗಕ್ಕೆ.”

“ಇದೆ. ಕೊಕ್ಕೆ ಸ್ವಲ್ಪ ಸಡಿಲ. ಮೊದಲ ದಿನ ನಿಬಿಯಾ ಹೊರಗಿಂದ ಹಿಡ್ಕೊಂಡು ನಿಂತಿದ್ಲು. ಒಳಗೆ ನಾನು ಅರ್ಧ ಗಂಟೆ ಅತ್ತೆ. ಆಯಮ್ಮ ಬೇಗ ಬಾ ಅನ್ನಲೇ ಇಲ್ಲ, ಬಾಗಿಲು ಹಿಡ್ಕೊಂಡು ತನ್ನ ಮೊಮ್ಮಗಳ ಕತೆ ಹೇಳ್ತಾ ನಿಂತಿದ್ಲು.” ದೆಲ್ಮಾ ಕೋಟು ಹಾಕಿಕೊಳ್ಳತೊಡಗಿದಳು. “ಈಗ ನಾನು ಆ ಬಾಗಿಲಿಗೇ ಹೋಗಲ್ಲ. ನೀರಿನ ಪಕ್ಕದಲ್ಲೇ ಟವೆಲ್ ಸುತ್ಕೊಂಡು ಬದಲಿಸ್ಕೊಳ್ತೀನಿ. ಎಲ್ರೂ ನೋಡಿದಾರೆ ಎಲ್ಬಿಯೊ. ಹನ್ನೊಂದು ಜನ. ಒಬ್ಬಳು ಬೆರಳಿಟ್ಟು, ‘ಚೆನ್ನಾಗಿ ಹೊಲಿದಿದಾರೆ ಕಣೇ, ನಂದು ಗೋಣಿಚೀಲ ಹೊಲಿದ ಹಾಗಿದೆ’ ಅಂದ್ಲು. ನಕ್ಕೂ ನಕ್ಕೂ ನನಗೆ ಉಸಿರು ಸಿಗ್ಲಿಲ್ಲ.”

ಆರು ವರ್ಷ. ಒಂದೇ ಮನೆ, ಒಂದೇ ಹಾಸಿಗೆ. ಎಲ್ಬಿಯೊ ಮೇಜಿನ ಅಂಚು ಹಿಡಿದುಕೊಂಡು ಎದ್ದು ನಿಂತ.

“ನಾನೂ ನೋಡ್ಲಾ?”

ಕೋಟಿನ ಗುಂಡಿಯ ಮೇಲಿದ್ದ ದೆಲ್ಮಾಳ ಕೈ ಒಂದು ಗಳಿಗೆ ನಿಂತಿತು. ಅವನ ಮುಖವನ್ನು ನೋಡಿದಳು, ಒಳ್ಳೆಯತನದಿಂದಲೇ ನೋಡಿದಳು. ಆಮೇಲೆ ಆ ಗುಂಡಿ ಹಾಕಿ, ಅದರ ಮೇಲಿನದನ್ನೂ ಹಾಕಿ, ಚೀಲ ಎತ್ತಿಕೊಂಡಳು.

“ಈಗ ಬೇಡ” ಎಂದಳು. “ಆ ಹೊಸಬಳು ಒಬ್ಬಳೇ ಕಾಯ್ತಿರ್ತಾಳೆ.”

ಬಿಡಲು ಬರುವುದೂ ಬೇಡ, ಬಸ್ ನಿಲ್ದಾಣಕ್ಕೆ ನಡೆದೇ ಹೋಗುತ್ತೇನೆ ಎಂದು ಬಾಗಿಲು ಎಳೆದುಕೊಂಡು ಹೊರಟಳು.